ಕೈಕೆಳಗಿನವರನ್ನು ಮನಸಾರೆ ಮೆಚ್ಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗಾರ್ಮೆಂಟ್ ಕಾರ್ಖಾನೆಯ ಲೈನ್ ಸೂಪರ್‌ವೈಸರ್‌ಗಳು, ಬ್ಯಾಂಕ್ ಶಾಖೆಯ ವ್ಯವಸ್ಥಾಪಕರು, ಶಾಲೆಯ ಮುಖ್ಯ ಶಿಕ್ಷಕರು, ಸಾಫ್ಟ್‌ವೇರ್ ಕಂಪನಿಯಲ್ಲಿ ಮೊದಲ ಸಲ ತಂಡದ ಹೊಣೆ ಹೊತ್ತವರು: ಇಂಥವರಿಗೆ ತರಬೇತಿ ನೀಡುವಾಗ ನನಗೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಕೆಲವು ಸಂಶೋಧನೆಗಳಿಂದ ಬಂದವು, ಕೆಲವು ಕೆಲಸದ ಜಾಗದಲ್ಲಿ ನಿಂತು ನೋಡಿದ್ದರಿಂದ ಬಂದವು. ಇವೆರಡೂ ಒಂದನ್ನೊಂದು ಒಪ್ಪದ ಕಡೆ ಅದನ್ನೂ ಹೇಳಿದ್ದೇನೆ.

ಸಂಬಳ ಕೊಡುವುದೇ ಕೆಲಸ ಮಾಡಲಿ ಎಂದು. ಮಾಡಿದ್ದಕ್ಕೆ ಮತ್ತೆ ಹೊಗಳಿಕೆ ಏಕೆ?

ಸಂಬಳ ಮನುಷ್ಯನನ್ನು ಬೆಳಿಗ್ಗೆ ಗೇಟಿನ ಒಳಗೆ ಕರೆತರುತ್ತದೆ. ಒಳಗೆ ಬಂದ ಮೇಲೆ ಎಷ್ಟು ಮನಸ್ಸಿಟ್ಟು ಮಾಡುತ್ತಾನೆ ಎಂಬುದು ಬೇರೆಯೇ ಲೆಕ್ಕ.

1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ಕೆಲವು ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ತುಂಡುಗಳನ್ನು ಜೋಡಿಸಿ ಆಕೃತಿ ಕಟ್ಟುವ ‘ಸೋಮಾ’ ಎಂಬ ಒಗಟನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಕೆಲವರಿಗೆ ಬಿಡಿಸಿದ ಒಂದೊಂದು ಒಗಟಿಗೂ ಹಣ, ಇನ್ನು ಕೆಲವರಿಗೆ ಬಾಯಿಮಾತಿನ ಮೆಚ್ಚುಗೆ. ಮಧ್ಯೆ ಏನೋ ನೆಪ ಹೇಳಿ ಅವರನ್ನು ಕೋಣೆಯಲ್ಲಿ ಬಿಟ್ಟು ಹೊರಗೆ ಹೋಗುತ್ತಿದ್ದರು. ಯಾರೂ ನೋಡುತ್ತಿಲ್ಲವೆಂದು ಗೊತ್ತಾದಾಗ ಯಾರು ತಾವಾಗಿಯೇ ಒಗಟಿಗೆ ಕೈ ಹಾಕುತ್ತಾರೆ ಎಂಬುದೇ ಅವರಿಗೆ ಬೇಕಾಗಿದ್ದ ಸಂಗತಿ. ಹಣ ಪಡೆದವರ ಆಸಕ್ತಿ ಹಣ ನಿಂತ ಮೇಲೆ ಇಳಿಯಿತು. ಮೆಚ್ಚುಗೆ ಪಡೆದವರದು ಹಾಗೆ ಇಳಿಯಲಿಲ್ಲ.

ಇದನ್ನು ಕೇಳಿ ‘ಹಾಗಾದರೆ ಇನ್‌ಕ್ರಿಮೆಂಟ್ ಬದಲು ಶಹಬ್ಬಾಸ್ ಕೊಟ್ಟರೆ ಸಾಕು’ ಎಂದು ಹಿಗ್ಗುವ ಮಾಲೀಕರನ್ನೂ ಕಂಡಿದ್ದೇನೆ. ಓವರ್‌ಟೈಮ್ ಹಣ ಬಾಕಿ ಇಟ್ಟುಕೊಂಡು ‘ನೀವೆಲ್ಲ ನಮ್ಮ ಮನೆಯವರಿದ್ದಂತೆ’ ಎಂದು ಮೈಕ್ ಹಿಡಿದರೆ ಕೆಳಗೆ ಕುಳಿತವರು ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಾರೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಕೊಡಬೇಕಾದದ್ದನ್ನು ಕೊಟ್ಟ ಮೇಲಷ್ಟೇ ಮೆಚ್ಚುಗೆಯ ಮಾತು ಕಿವಿಗೆ ಇಳಿಯುತ್ತದೆ.

ನನ್ನ ಅನುಭವ ಬೇರೆ. ಹೊಗಳಿದ ಮರುದಿನವೇ ಕೆಲಸ ಕೆಡುತ್ತದೆ, ಬೈದರೆ ಸರಿಹೋಗುತ್ತದೆ. ಇದು ಸುಳ್ಳೇ?

ನೀವು ಕಂಡಿದ್ದು ಸುಳ್ಳಲ್ಲ. ಅದರಿಂದ ನೀವು ಕಟ್ಟಿಕೊಂಡ ಲೆಕ್ಕ ತಪ್ಪು. ನನಗೆ ಅತಿ ಹೆಚ್ಚು ಎದುರಾಗುವ ಆಕ್ಷೇಪಣೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್, 1960ರ ದಶಕದಲ್ಲಿ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಕಲಿಸುವಾಗ ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಫಲ ಕೊಡುತ್ತದೆ ಎಂದರು. ಅನುಭವಿ ತರಬೇತುದಾರರೊಬ್ಬರು ಎದ್ದು ನಿಂತು ನಿಮ್ಮದೇ ಮಾತನ್ನು ಹೇಳಿದರು: ಆಕಾಶದಲ್ಲಿ ಕಸರತ್ತು ಚೆನ್ನಾಗಿ ಮಾಡಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನ ಮೇಲೆ ಕಿರುಚಿದರೆ ಮುಂದಿನ ಸಲ ಚೆನ್ನಾಗಿ ಮಾಡುತ್ತಾನೆ, ಆದ್ದರಿಂದ ಈ ಹೊಗಳಿಕೆಯ ಪಾಠ ನಮಗೆ ಬೇಡ.

ಕಾನಮನ್ ವಾದಕ್ಕಿಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಗುರಿ ಬರೆದು, ಒಬ್ಬೊಬ್ಬರೂ ಅದಕ್ಕೆ ಬೆನ್ನು ಹಾಕಿ ನಿಂತು ಎರಡು ನಾಣ್ಯಗಳನ್ನು ಒಂದಾದ ಮೇಲೊಂದು ಎಸೆಯುವಂತೆ ಹೇಳಿದರು. ಯಾರೂ ಯಾರನ್ನೂ ಹೊಗಳಲಿಲ್ಲ, ಬೈಯಲಿಲ್ಲ. ದೂರವನ್ನು ಅಳೆದು ನೋಡಿದರೆ, ಮೊದಲ ನಾಣ್ಯವನ್ನು ಗುರಿಯ ಹತ್ತಿರ ಎಸೆದವರಲ್ಲಿ ಬಹುಪಾಲು ಜನರ ಎರಡನೆಯ ನಾಣ್ಯ ದೂರ ಬಿದ್ದಿತ್ತು. ಮೊದಲು ದೂರ ಎಸೆದವರ ಎರಡನೆಯದು ಹತ್ತಿರ ಬಂದಿತ್ತು.

ಯಾವ ಕೆಲಸದಲ್ಲೂ ಕೌಶಲದ ಜೊತೆ ಆ ದಿನದ ಅದೃಷ್ಟವೂ ಸೇರಿರುತ್ತದೆ. ತೀರಾ ಒಳ್ಳೆಯ ದಿನದ ಮರುದಿನ ಸಾಮಾನ್ಯ ದಿನವಾಗುವ ಸಂಭವವೇ ಹೆಚ್ಚು, ತೀರಾ ಕೆಟ್ಟ ದಿನದ ಮರುದಿನವೂ ಅಷ್ಟೇ. ನಾವು ಹೊಗಳುವುದು ತೀರಾ ಒಳ್ಳೆಯ ದಿನ, ಬೈಯುವುದು ತೀರಾ ಕೆಟ್ಟ ದಿನ. ಹಾಗಾಗಿ ಹೊಗಳಿಕೆಗೆ ಇಲ್ಲದ ಅಪವಾದವೂ ಬೈಗುಳಕ್ಕೆ ಸಲ್ಲದ ಕೀರ್ತಿಯೂ ತಾನಾಗಿ ಬಂದು ಸೇರುತ್ತವೆ. ವರ್ಷಗಟ್ಟಲೆ ಮೇಲಧಿಕಾರಿಯಾಗಿದ್ದವರು ಬರಬರುತ್ತ ಒರಟಾಗುವುದಕ್ಕೆ ಸ್ವಭಾವದಷ್ಟೇ ಈ ತಪ್ಪು ಲೆಕ್ಕವೂ ಕಾರಣ ಎಂದು ನನ್ನ ಅನುಮಾನ. ಬೈದಾಗಲೆಲ್ಲ ಲೋಕ ಅವರಿಗೆ ಬಹುಮಾನ ಕೊಡುತ್ತಿರುತ್ತದೆ.

ಒಂದು ದಿನದ ಅಂಕಿಗೆ ಹೊಗಳುವುದನ್ನೂ ಬೈಯುವುದನ್ನೂ ಬಿಡಿ. ಒಂದು ತಿಂಗಳ ಅಂಕಿ ಇಟ್ಟುಕೊಂಡು ನೋಡಿ. ಸುಧಾರಣೆ ಯಾರಲ್ಲಿ ಉಳಿದುಕೊಂಡಿದೆ ಎಂಬುದು ಆಗ ಕಾಣುತ್ತದೆ.

ಹೊಗಳಿದರೆ ತಲೆಯ ಮೇಲೆ ಕೂರುತ್ತಾರಲ್ಲ?

ಕೂರುವವರು ಹೊಗಳದಿದ್ದರೂ ಕೂರುತ್ತಾರೆ. ‘ನೀನಿಲ್ಲದಿದ್ದರೆ ಈ ಕಚೇರಿಯೇ ನಡೆಯುವುದಿಲ್ಲ’ ಎಂಬ ಜಾತಿಯ ಮಾತಿನಿಂದ ಮಾತ್ರ ದೂರವಿರಿ. ಅದು ಕೆಲಸದ ಮೆಚ್ಚುಗೆಯಾಗುವುದಿಲ್ಲ. ಅವರ ಕೈಗೆ ಬೀಗದ ಕೈ ಕೊಟ್ಟಂತಾಗುತ್ತದೆ.

ನಿಜವಾದ ಮೆಚ್ಚುಗೆಗೂ ಬೆಣ್ಣೆ ಹಚ್ಚುವುದಕ್ಕೂ ಕೇಳುವವರಿಗೆ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ನೀವು ಕೆಲಸವನ್ನು ಕಣ್ಣಾರೆ ನೋಡಿದ್ದೀರೋ ಇಲ್ಲವೋ ಎಂಬುದರಿಂದ. ನೋಡದೆ ಆಡಿದ ಮಾತು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ವಿವರ ಇರುವುದಿಲ್ಲ.

ಶರ್ಟ್ ಹೊಲಿಯುವ ಲೈನೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಕಾಲರ್ ಕೂರಿಸುತ್ತಿದ್ದ ಮಹಿಳೆ ಪ್ರತಿ ಪೀಸನ್ನೂ ಮುಂದಿನ ಮೆಷಿನ್ನಿಗೆ ತಳ್ಳುವ ಮೊದಲು ಕಾಲರಿನ ಎರಡೂ ಮೂಲೆಗಳನ್ನು ಒಂದರ ಮೇಲೊಂದು ಮಡಚಿ, ಹೆಬ್ಬೆರಳಿನಿಂದ ಒತ್ತಿ, ಉದ್ದ ಸಮ ಇದೆಯೇ ಎಂದು ನೋಡುತ್ತಿದ್ದರು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಫ್ಲೋರ್ ಇನ್‌ಚಾರ್ಜ್ ಬಂದು ‘ಎಲ್ಲರೂ ಚೆನ್ನಾಗಿ ಮಾಡಿದ್ದೀರಿ, ಹೀಗೇ ಮುಂದುವರಿಸಿ’ ಎಂದು ಹೇಳಿ ಹೋದರು. ಒಬ್ಬರೂ ತಲೆ ಎತ್ತಲಿಲ್ಲ. ಮರುದಿನ ಲೈನ್ ಸೂಪರ್‌ವೈಸರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗ, ಆ ಮಹಿಳೆಯ ಪಕ್ಕದಲ್ಲಿ ನಿಂತು ಹೇಳಿದ: ‘ಅಕ್ಕಾ, ನೀವು ಎರಡೂ ಮೂಲೆ ಜೋಡಿಸಿ ನೋಡಿಯೇ ಪೀಸು ಕಳಿಸುತ್ತೀರಲ್ಲ, ಅದಕ್ಕೇ ಈ ವಾರ ಚೆಕಿಂಗ್ ಟೇಬಲ್‌ನಿಂದ ಒಂದೂ ಕಾಲರ್ ತಿದ್ದುವುದಕ್ಕೆ ವಾಪಸ್ ಬಂದಿಲ್ಲ.’

ಆಕೆ ನಗಲಿಲ್ಲ, ಥ್ಯಾಂಕ್ಸ್ ಅನ್ನಲೂ ಇಲ್ಲ. ‘ಈ ಮೆಷಿನ್ನಿನ ಲೈಟು ಮಂಕಾಗಿದೆ ಸರ್, ಕಪ್ಪು ಬಟ್ಟೆ ಬಂದರೆ ಹೊಲಿಗೆ ಕಾಣುವುದಿಲ್ಲ’ ಎಂದರು. ಅಲ್ಲಿಯವರೆಗೆ ಆ ಮಾತನ್ನು ಯಾರ ಬಳಿಯೂ ಎತ್ತಿರಲಿಲ್ಲವಂತೆ. ತನ್ನ ಕೆಲಸ ನೋಡುವವನೊಬ್ಬ ಇದ್ದಾನೆ ಎಂದು ಗೊತ್ತಾದ ಮೇಲೆ ತೊಂದರೆ ಹೇಳಿಕೊಳ್ಳಲು ಬಾಯಿ ಬಂತು. ಮೆಚ್ಚುಗೆಯಿಂದ ಉತ್ಪಾದನೆ ಎಷ್ಟು ಏರಿತು ಎಂದು ಕೇಳುವವರಿಗೆ ನಾನು ಈ ಬಲ್ಬಿನ ಕಥೆ ಹೇಳುತ್ತೇನೆ.

ದೊಡ್ಡ ಮಟ್ಟದ ಉದಾಹರಣೆ ಬೇಕಿದ್ದರೆ ಕ್ರಿಕೆಟ್‌ನಲ್ಲಿದೆ. ಭಾರತ ತಂಡದ ನೆಟ್ಸ್‌ನಲ್ಲಿ ಬ್ಯಾಟರ್‌ಗಳಿಗೆ ಚೆಂಡು ಎಸೆದು ಅಭ್ಯಾಸ ಮಾಡಿಸುವ ರಾಘವೇಂದ್ರ ನಮ್ಮ ಕುಮಟಾದವರು. ಸ್ಕೋರ್‌ಕಾರ್ಡಿನಲ್ಲಿ ಅವರ ಹೆಸರು ಬರುವುದಿಲ್ಲ. 2020ರಲ್ಲಿ ಬಾಂಗ್ಲಾದೇಶದ ತಮೀಮ್ ಇಕ್ಬಾಲ್ ಜೊತೆಗಿನ ನೇರ ಮಾತುಕತೆಯಲ್ಲಿ ವಿರಾಟ್ ಕೊಹ್ಲಿ ಈ ರಾಘವೇಂದ್ರರ, ಅಂದರೆ ತಂಡದವರ ‘ರಘು’ವಿನ ಬಗ್ಗೆ ಮಾತನಾಡಿದರು. ‘ರಘು ತುಂಬಾ ಒಳ್ಳೆಯವರು’ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಕೊಹ್ಲಿ ಹೇಳಿದ್ದು ಹೀಗೆ: 2013ರಿಂದ ಈಚೆಗೆ ವೇಗದ ಬೌಲಿಂಗ್ ಎದುರಿಸುವುದರಲ್ಲಿ ತಂಡ ಕಂಡ ಸುಧಾರಣೆಗೆ ಕಾರಣ ರಘು, ಆಟಗಾರರ ಕಾಲಿನ ಚಲನೆ, ಬ್ಯಾಟಿನ ಚಲನೆಯ ಬಗ್ಗೆ ಅವರಿಗೆ ಒಳ್ಳೆಯ ತಿಳಿವಳಿಕೆ ಇದೆ, ಸೈಡ್‌ಆರ್ಮ್‌ನಿಂದ (ಚೆಂಡು ಎಸೆಯುವ ಉದ್ದ ಹಿಡಿಕೆಯ ಸಾಧನ) ಗಂಟೆಗೆ 155 ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಾರೆ, ಅವರನ್ನು ನೆಟ್ಸ್‌ನಲ್ಲಿ ಆಡಿ ಪಂದ್ಯಕ್ಕೆ ಹೋದರೆ ಚೆಂಡಿಗೆ ಬೇಕಾದಷ್ಟು ಸಮಯ ಇದೆ ಅನ್ನಿಸುತ್ತದೆ. ವರ್ಷ, ಕೌಶಲ, ವೇಗ, ಅದರ ಪರಿಣಾಮ ಎಲ್ಲವೂ ಅದರಲ್ಲಿವೆ. ಆ ಚೆಂಡುಗಳನ್ನು ಎದುರಿಸಿದವನಲ್ಲದೆ ಬೇರೆಯವರು ಹಾಗೆ ಹೇಳಲಾರರು.

ಯಾವುದನ್ನು ಮೆಚ್ಚಬೇಕು? ಬುದ್ಧಿವಂತಿಕೆಯನ್ನೋ, ಪಟ್ಟ ಶ್ರಮವನ್ನೋ?

1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಐದನೇ ತರಗತಿಯ ಮಕ್ಕಳಿಗೆ ಆಕೃತಿಗಳ ವಿನ್ಯಾಸ ಗುರುತಿಸುವ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಎಂದೂ ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟಿದ್ದೀಯ’ ಎಂದೂ ಹೇಳಿದರು. ಜಾಣ ಎನ್ನಿಸಿಕೊಂಡವರು ಮುಂದಿನ ಸಲ ಸುಲಭದ್ದನ್ನೇ ಆರಿಸಿಕೊಳ್ಳತೊಡಗಿದರು. ಕಷ್ಟದ ಒಗಟು ಬಂದಾಗ ಬೇಗ ಕೈಚೆಲ್ಲಿದರು. ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಿ ಎಂದಾಗ ಇವರಲ್ಲಿ ಹೆಚ್ಚುಕಡಿಮೆ ಐದಕ್ಕೆ ಇಬ್ಬರು ಅಂಕ ಹೆಚ್ಚಿಸಿ ಬರೆದರು. ಜಾಣತನದ ಬಿರುದು ಉಳಿಸಿಕೊಳ್ಳಬೇಕಲ್ಲ!

ಹೀಗಿದ್ದರೂ ಇದನ್ನು ಮಂತ್ರ ಮಾಡಿಕೊಳ್ಳಬೇಡಿ. ಈ ವಿಚಾರವನ್ನು ಆಮೇಲೆ ದೊಡ್ಡ ಪ್ರಮಾಣದಲ್ಲಿ ಶಾಲೆಗಳಲ್ಲಿ ಪರೀಕ್ಷಿಸಿದಾಗ ಸಿಕ್ಕ ಪ್ರಯೋಜನ ಮೊದಲು ಅಂದುಕೊಂಡಿದ್ದಕ್ಕಿಂತ ಸಣ್ಣದು. ಮೇಲಾಗಿ, ನಿಮ್ಮ ಎದುರಿಗಿರುವವರು ಐದನೇ ತರಗತಿಯ ಮಕ್ಕಳಲ್ಲ. ಹದಿನೈದು ವರ್ಷ ಕೋಡ್ ಬರೆದವರಿಗೆ ‘ಪಾಪ, ತುಂಬಾ ಕಷ್ಟಪಟ್ಟಿದ್ದೀರಿ’ ಎಂದರೆ ಅವರಿಗೆ ಅದು ಅನುಕಂಪದಂತೆ ಕೇಳುತ್ತದೆ. ಅನುಭವಿಗಳ ವಿಷಯದಲ್ಲಿ ಅವರ ತೀರ್ಮಾನವನ್ನು ಮೆಚ್ಚಿ. ‘ಗ್ರಾಹಕರು ಅವಸರ ಮಾಡುತ್ತಿದ್ದರೂ ಶುಕ್ರವಾರ ಸಂಜೆ ಬಿಡುಗಡೆ ಬೇಡ ಎಂದು ನೀವು ತಡೆದಿದ್ದು ಒಳ್ಳೆಯದಾಯಿತು’ ಎಂಬ ಮಾತಿನಲ್ಲಿ ಶ್ರಮವೂ ಇಲ್ಲ, ಬುದ್ಧಿಯ ಬಿರುದೂ ಇಲ್ಲ. ಅವರು ಮಾಡಿದ ಒಂದು ಆಯ್ಕೆ ಇದೆ.

1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಈ ವಿಷಯದ ಮೇಲೆ ಆವರೆಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ್ದರು. ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದ ಸಂದರ್ಭಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆಗೆ ತಿರುಗಿದಾಗ ಪರಿಣಾಮ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಹೊಗಳಿಕೆಗೂ ಇದು ಅನ್ವಯಿಸುತ್ತದೆ.

ಎಲ್ಲರ ಮುಂದೆ ಹೇಳಬೇಕೋ, ಒಬ್ಬರನ್ನೇ ಕರೆದು ಹೇಳಬೇಕೋ?

‘ಹೊಗಳುವುದಿದ್ದರೆ ಎಲ್ಲರೆದುರು, ಬೈಯುವುದಿದ್ದರೆ ಏಕಾಂತದಲ್ಲಿ’ ಎಂಬ ಸೂತ್ರವನ್ನು ಎಲ್ಲ ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. ಎರಡನೆಯ ಅರ್ಧ ಸರಿ. ಮೊದಲನೆಯ ಅರ್ಧದ ಬಗ್ಗೆ ನನಗೆ ತಕರಾರಿದೆ.

ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರೆ ಕುಗ್ಗಿ ಹೋಗುವವರಿದ್ದಾರೆ. ಸಭೆ ಮುಗಿದ ಮೇಲೆ ಊಟದ ಹೊತ್ತಿಗೆ ‘ಏನಪ್ಪಾ, ಸಾಹೇಬರ ಕೃಪೆ ನಿನ್ನ ಮೇಲೆ’ ಎಂಬ ಚುಚ್ಚುಮಾತು ಕೇಳಬೇಕಾದವರು ಅವರೇ ಹೊರತು ನೀವಲ್ಲ. ಇನ್ನೊಂದು ಸೂಕ್ಷ್ಮವನ್ನು ಪುಸ್ತಕಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ: ಗಂಡು ಸೂಪರ್‌ವೈಸರ್, ಕೈಕೆಳಗೆ ಹೆಚ್ಚಿನವರು ಯುವತಿಯರು. ಇಲ್ಲಿ ಒಬ್ಬರನ್ನೇ ಚೇಂಬರಿಗೆ ಕರೆದು ಮೆಚ್ಚುವುದೂ ಬೇಡ, ಮೈಕಿನಲ್ಲಿ ಹೆಸರು ಕೂಗುವುದೂ ಬೇಡ. ಕೆಲಸದ ಜಾಗದಲ್ಲೇ, ಅಕ್ಕಪಕ್ಕದ ಇಬ್ಬರಿಗೆ ಕೇಳಿಸುವಷ್ಟು ದನಿಯಲ್ಲಿ, ಕೆಲಸದ ಬಗ್ಗೆ ಮಾತ್ರ ಹೇಳಿ. ಐವತ್ತು ದಾಟಿದ ಹೆಲ್ಪರ್ ಅಮ್ಮನಿಗೆ ಯಾವ ದನಿಯಲ್ಲಿ ಹೇಳುತ್ತೀರೋ ಇಪ್ಪತ್ತರ ಹುಡುಗಿಗೂ ಅದೇ ದನಿ ಇರಲಿ. ನಗುಮುಖ, ಸೀರೆ, ‘ನೀನು ಬಂದರೆ ಲೈನಿಗೆ ಕಳೆ’ ಇತ್ಯಾದಿಗಳು ಮೆಚ್ಚುಗೆಯ ಲೆಕ್ಕಕ್ಕೆ ಬರುವುದಿಲ್ಲ. ಅವು ದೂರಿನ ಲೆಕ್ಕಕ್ಕೆ ಬರುತ್ತವೆ, ಬರಬೇಕು ಕೂಡ.

ಮೂರನೆಯ ದಾರಿಯೊಂದಿದೆ, ನನಗೆ ಅದೇ ಇಷ್ಟ. ಅವರ ಬೆನ್ನ ಹಿಂದೆ ಮೆಚ್ಚಿ. ನಿಮ್ಮ ಮೇಲಧಿಕಾರಿಯ ಎದುರು, ಬೇರೆ ವಿಭಾಗದವರ ಎದುರು ಆಡಿದ ಮಾತು ಸುತ್ತಿ ಬಳಸಿ ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಕಚೇರಿಯಲ್ಲಿ ಗುಟ್ಟು ನಿಲ್ಲುತ್ತದೆಯೇ! ಹಾಗೆ ಬಂದ ಮಾತಿನಲ್ಲಿ ಬೆಣ್ಣೆಯ ಅನುಮಾನ ಇರುವುದಿಲ್ಲ.

ಒಬ್ಬರನ್ನು ಮೆಚ್ಚಿದರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಏನು ಮಾಡುವುದು?

ಈ ಬಗ್ಗೆ ಒಂದು ಒಳ್ಳೆಯ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ದತ್ತಾಂಶ ದಾಖಲಿಸುವ ಕೆಲಸಕ್ಕೆಂದು ಮುನ್ನೂರಕ್ಕೂ ಹೆಚ್ಚು ಜನರನ್ನು ಕೆಲವು ಗಂಟೆಗಳ ಮಟ್ಟಿಗೆ ತೆಗೆದುಕೊಂಡು, ಎಂಟೆಂಟು ಜನರ ಗುಂಪು ಮಾಡಿದ್ದರು. ಕೆಲವು ಗುಂಪುಗಳಲ್ಲಿ ಮುಂದಿದ್ದ ಮೂವರಿಗೆ ಮಾತ್ರ ಕೃತಜ್ಞತೆಯ ಕಾರ್ಡ್ ಕೊಟ್ಟರು. ಆಮೇಲೆ ಹೆಚ್ಚು ಸುಧಾರಿಸಿದವರು ಕಾರ್ಡ್ ಸಿಗದೆ ಉಳಿದವರು!

ಹಾಗೆಂದು ನಿಶ್ಚಿಂತರಾಗಬೇಡಿ. ಆ ಪ್ರಯೋಗ ಮುಗಿದದ್ದು ಒಂದೇ ದಿನದಲ್ಲಿ. ಹತ್ತು ವರ್ಷ ಒಂದೇ ಕಚೇರಿಯಲ್ಲಿ, ಒಂದೇ ಕ್ಯಾಂಟೀನಿನಲ್ಲಿ, ಮದುವೆ ಮುಂಜಿಗಳಲ್ಲಿ ಮುಖ ನೋಡಿಕೊಂಡು ಬಾಳಬೇಕಾದವರ ನಡುವೆ ನಾನು ಕಂಡಿರುವುದು ಬೇರೆ. ಮುನಿಸು ಹುಟ್ಟುವುದು ಮೆಚ್ಚುಗೆಗಿಂತ ಹೆಚ್ಚಾಗಿ ಅದರ ವಿತರಣೆಯಿಂದ. ಪ್ರತಿ ಸಲವೂ ಇಂಗ್ಲಿಷ್ ಚೆನ್ನಾಗಿ ಮಾತನಾಡುವವರು, ವರದಿ ಮಂಡಿಸುವವರು, ಮೇಲಿನವರ ಕಣ್ಣಿಗೆ ಬೀಳುವ ಜಾಗದಲ್ಲಿ ಕುಳಿತವರೇ ಹೊಗಳಿಸಿಕೊಂಡರೆ ಉಳಿದವರಿಗೆ ಅರ್ಥವಾಗದೆ ಇರುತ್ತದೆಯೇ? ‘ಇವರನ್ನು ಏಕೆ ಹೊಗಳಿದರು’ ಎಂದು ಯಾರಾದರೂ ಕೇಳಿದರೆ ಒಂದೇ ವಾಕ್ಯದಲ್ಲಿ, ಕೆಲಸವನ್ನು ತೋರಿಸಿ ಉತ್ತರಿಸಲು ಬರುವಂತಿರಲಿ.

‘ತಿಂಗಳ ಉತ್ತಮ ನೌಕರ’ ಎಂದು ಗೋಡೆಗೆ ಫೋಟೊ ಹಾಕಬಹುದೇ?

ಹಾಕಬಹುದು. ನಾಲ್ಕನೇ ತಿಂಗಳಿಗೆ ಅದು ಸರದಿಯಾಗುತ್ತದೆ, ಎಂಟನೇ ತಿಂಗಳಿಗೆ ನಗೆಪಾಟಲಾಗುತ್ತದೆ.

ಅಮೆರಿಕದ ಲಾಂಡ್ರಿ ಕಾರ್ಖಾನೆಯೊಂದರಲ್ಲಿ ತಿಂಗಳಿಡೀ ತಪ್ಪದೆ, ತಡಮಾಡದೆ ಬಂದವರಿಗೆ ಗಿಫ್ಟ್ ಕಾರ್ಡಿನ ಲಾಟರಿ ಇಟ್ಟರು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಮ್ಮೆ ತಡವಾಗಿ ಬಂದು ಆ ತಿಂಗಳ ಅರ್ಹತೆ ಕಳೆದುಕೊಂಡವರು ಮತ್ತೆ ಹಳೆಯ ಚಾಳಿಗೆ ಬಿದ್ದರು. ಅದಕ್ಕಿಂತ ಕೆಟ್ಟದ್ದು: ಯಾವ ಬಹುಮಾನವೂ ಇಲ್ಲದಾಗಲೂ ಸರಿಯಾಗಿ ಬರುತ್ತಿದ್ದವರ ಕೆಲಸದ ವೇಗ ಇಳಿಯಿತು. ಅವರು ಮೊದಲಿನಿಂದ ಮಾಡುತ್ತಿದ್ದುದನ್ನು ಯಾರೂ ಕಂಡಿರಲಿಲ್ಲ, ಈಗ ಮಾಡದವರು ನಾಲ್ಕು ದಿನ ಮಾಡಿದ್ದಕ್ಕೆ ಲಾಟರಿ!

ಇದಕ್ಕೆ ಎದುರಾಗಿ ನಮ್ಮ ರಾಜ್ಯದ ಸಾರಿಗೆ ನಿಗಮಗಳ ಪದ್ಧತಿಯನ್ನು ಇಟ್ಟು ನೋಡಿ. ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ ಓಡಿಸಿದ ಚಾಲಕರಿಗೆ ಬೆಳ್ಳಿ ಪದಕ, ಇನ್ನೂ ದೀರ್ಘ ಸೇವೆಗೆ ಚಿನ್ನದ ಪದಕ ಕೊಡುತ್ತಾರೆ. ಇಲ್ಲಿ ಪೈಪೋಟಿಯಿಲ್ಲ. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ತಪ್ಪುವುದಿಲ್ಲ. ನನಗೆ ಇಷ್ಟವಾಗುವ ಅಂಶ ಇನ್ನೊಂದು: ನಡೆಯದೇ ಹೋದ ಸಂಗತಿಗೆ ಸಿಗುವ ಪದಕ ಅದು. ಘಾಟಿಯ ತಿರುವಿನಲ್ಲಿ ಮಳೆಗಾಲದ ರಾತ್ರಿ ಏನೂ ಆಗಲಿಲ್ಲ ಎಂಬುದು ಸುದ್ದಿಯಾಗುವುದಿಲ್ಲ. ಚಾಲಕ ಸಣ್ಣ ಗೇರಿನಲ್ಲಿ ಎಚ್ಚರದಿಂದ ಇಳಿಸಿದ್ದು ನಿದ್ದೆಯಲ್ಲಿದ್ದ ಪ್ರಯಾಣಿಕರಿಗೆ ಗೊತ್ತೂ ಇರುವುದಿಲ್ಲ. ನಿಮ್ಮ ಕಚೇರಿಯಲ್ಲೂ ಇಂಥವರಿದ್ದಾರೆ. ಬೆಂಕಿ ಆರಿಸಿದವರಿಗೆ ಹಾರ ಹಾಕುವ ಭರದಲ್ಲಿ, ಬೆಂಕಿ ಹತ್ತದಂತೆ ನೋಡಿಕೊಂಡವರನ್ನು ಮರೆಯಬೇಡಿ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯೇ ಬಾರದಂತೆ ವೋಚರ್ ಜೋಡಿಸಿಟ್ಟ ಗುಮಾಸ್ತರನ್ನು ಕೊನೆಯ ಬಾರಿ ಯಾರು, ಯಾವಾಗ ಮೆಚ್ಚಿದ್ದರು ಎಂದು ಕೇಳಿ ನೋಡಿ.

ಒಂದು ಬೈಗುಳಕ್ಕೆ ಎಷ್ಟು ಹೊಗಳಿಕೆ? ಮೂರಕ್ಕೆ ಒಂದು ಎಂದು ಎಲ್ಲೋ ಕೇಳಿದ್ದೇನೆ.

ಆ ಸಂಖ್ಯೆಯ ಇತಿಹಾಸ ಮಜವಾಗಿದೆ. 2005ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಪ್ರಕಟಿಸಿದ ಪ್ರಬಂಧದಲ್ಲಿ, ಮನುಷ್ಯರು ಅರಳಬೇಕಾದರೆ ಸಿಹಿ ಮತ್ತು ಕಹಿ ಅನುಭವಗಳ ಅನುಪಾತ 2.9013ಕ್ಕಿಂತ ಹೆಚ್ಚಿರಬೇಕು ಎಂದಿತ್ತು. ದಶಮಾಂಶದ ನಾಲ್ಕನೇ ಸ್ಥಾನದವರೆಗೆ ಮನುಷ್ಯನ ಮನಸ್ಸು! ದ್ರವಗಳ ಹರಿವಿಗೆ ಸಂಬಂಧಿಸಿದ ಸಮೀಕರಣಗಳನ್ನು ತಂದು ಈ ಲೆಕ್ಕ ಕಟ್ಟಿದ್ದರು. ವರ್ಷಗಟ್ಟಲೆ ತರಬೇತುದಾರರು ಇದನ್ನೇ ಪಾಠ ಮಾಡಿದರು. ಆಗ ಬ್ರಿಟನ್ನಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ನಿಕ್ ಬ್ರೌನ್‌ಗೆ ಅನುಮಾನ ಬಂತು. ಭೌತವಿಜ್ಞಾನಿ ಆಲನ್ ಸೋಕಲ್ ಮತ್ತು ಮನಶ್ಶಾಸ್ತ್ರಜ್ಞ ಹ್ಯಾರಿಸ್ ಫ್ರೀಡ್‌ಮನ್ ಜೊತೆ ಸೇರಿ 2013ರಲ್ಲಿ ಆ ಲೆಕ್ಕಕ್ಕೆ ತಳಬುಡವಿಲ್ಲ ಎಂದು ತೋರಿಸಿದರು. ಗಣಿತದ ಭಾಗವನ್ನು ಅಧಿಕೃತವಾಗಿ ಹಿಂತೆಗೆದುಕೊಳ್ಳಲಾಯಿತು.

ಹಾಗಾಗಿ ಎಣಿಸಬೇಡಿ. ಎಣಿಸತೊಡಗಿದರೆ ಬೈಯಬೇಕಾಗಿ ಬಂದಾಗ ಹೊಗಳಿಕೆಯ ದಾಸ್ತಾನು ಇದೆಯೇ ಎಂದು ಹುಡುಕುವ ಸ್ಥಿತಿ ಬರುತ್ತದೆ.

ತಪ್ಪು ತಿದ್ದುವ ಮೊದಲು ಒಂದು ಒಳ್ಳೆಯ ಮಾತು ಹೇಳಬೇಕೇ?

ಬೇಡ. ‘ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ’ ಎಂದು ಶುರುಮಾಡಿದೊಡನೆ ‘ಆದರೆ’ ಯಾವಾಗ ಬರುತ್ತದೆ ಎಂದು ಎದುರಿನವರು ಕಾಯುತ್ತಿರುತ್ತಾರೆ. ಹೀಗೆ ನಾಲ್ಕು ಸಲ ಆದರೆ ನಿಮ್ಮ ನಿಜವಾದ ಮೆಚ್ಚುಗೆ ಕೇಳಿದಾಗಲೂ ಎದೆ ಢವಗುಟ್ಟುತ್ತದೆ. ತಪ್ಪನ್ನು ನೇರವಾಗಿ, ಮರ್ಯಾದೆಯಿಂದ ಹೇಳಿ. ಮೆಚ್ಚುಗೆಗೆ ಬೇರೆ ದಿನ ಇಟ್ಟುಕೊಳ್ಳಿ, ಅದಕ್ಕೆ ಬಾಲ ಕಟ್ಟಬೇಡಿ.

ತಂಡ ಸೋತಾಗ ಮೆಚ್ಚುವುದು ಸುಳ್ಳು ಹೇಳಿದಂತೆ ಆಗುವುದಿಲ್ಲವೇ?

ಸೋಲನ್ನು ಗೆಲುವು ಎಂದರೆ ಸುಳ್ಳು. ಸೋತ ದಿನ ಅವರ ಮುಂದೆ ನಿಲ್ಲುವುದು ಸುಳ್ಳಲ್ಲ.

1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೊ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. ಅಂದು ಪತ್ರಕರ್ತರ ಮುಂದೆ ಕುಳಿತವರು ಧವನ್. ಸೋಲಿನ ಹೊಣೆ ತಾವು ಹೊತ್ತು, ತಂಡದ ಮೇಲೆ ತಮಗೆ ಭರವಸೆ ಇದೆ, ಮುಂದಿನ ಸಲ ಗೆಲ್ಲುತ್ತಾರೆ ಎಂದರು. 1980ರ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನ್ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಆಮೇಲೆ ಹಲವು ಸಭೆಗಳಲ್ಲಿ ಹೇಳಿಕೊಂಡರು. ಈ ಕಥೆಯನ್ನು ನಮ್ಮಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ ಕೇಳಿ ಕೇಳಿ ಸವೆದಿದೆ. ಆದರೂ ಗಮನಿಸಿ: ಧವನ್ ಎರಡೂ ದಿನ ಕಲಾಂ ಅವರನ್ನು ಬಾಯಿತುಂಬ ಹೊಗಳಿದರು ಎಂದು ಕಥೆಯಲ್ಲಿ ಎಲ್ಲೂ ಬರುವುದಿಲ್ಲ. ಯಾವ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದನ್ನು ಮಾತ್ರ ಅವರು ನಿರ್ಧರಿಸಿದರು.

ಗೆದ್ದ ದಿನವೂ ಹೀಗೆ ಮಾತಿಗಿಂತ ನಡೆಯಲ್ಲಿ ಮೆಚ್ಚಬಹುದು. 2018ರಲ್ಲಿ ಭಾರತ 19 ವರ್ಷದೊಳಗಿನವರ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಕೋಚ್ ರಾಹುಲ್ ದ್ರಾವಿಡ್ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಣೆಯಾಗಿತ್ತು. ದ್ರಾವಿಡ್ ಆಕ್ಷೇಪಿಸಿದ ಮೇಲೆ ಅವರಿಗೂ ಸಹಾಯಕ ಸಿಬ್ಬಂದಿಗೂ ಸಮನಾಗಿ ತಲಾ 25 ಲಕ್ಷ ಎಂದು ಬದಲಾಯಿತು. ‘ಇದು ತಂಡದ ಗೆಲುವು’ ಎನ್ನುವ ನಾಯಕರು ಬಹಳ ಮಂದಿ. ಆ ಮಾತಿಗೆ ತಮ್ಮ ಜೇಬಿನಿಂದ 25 ಲಕ್ಷ ತೆತ್ತವರು ಅಪರೂಪ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರೆ ಆಗುವುದಿಲ್ಲವೇ?

ಸಂದೇಶ ತಲುಪಿತು ಎಂಬುದಕ್ಕೆ ಅದು ಸಾಕು.

ನನಗೆ ಹೊಗಳಲು ನಾಲಿಗೆಯೇ ತಿರುಗುವುದಿಲ್ಲ. ಮನೆಯಲ್ಲೂ ಯಾರೂ ನನ್ನನ್ನು ಹೊಗಳಿದವರಲ್ಲ.

ನಮ್ಮಲ್ಲಿ ಬಹುಪಾಲು ಜನ ಹಾಗೆಯೇ ಬೆಳೆದವರು. ಮಗುವನ್ನು ಎದುರಿಗೇ ಹೊಗಳಿದರೆ ದೃಷ್ಟಿ ತಾಕುತ್ತದೆ ಎಂದು ಅಜ್ಜಿ ನೆಟಿಕೆ ಮುರಿಯುತ್ತಿದ್ದರು. ತೊಂಬತ್ತೆರಡು ಅಂಕ ತಂದರೆ ಅಪ್ಪ ಕೇಳುತ್ತಿದ್ದುದು ಉಳಿದ ಎಂಟರ ಬಗ್ಗೆ. ಅದೇ ಅಪ್ಪ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು ತೊಂಬತ್ತೆರಡರ ಸುದ್ದಿಯನ್ನು ಊರಿಗೆಲ್ಲ ಹೇಳಿರುತ್ತಿದ್ದರು ಎಂಬುದು ನಮಗೆ ಗೊತ್ತಾಗುವಾಗ ನಮಗೇ ಮಕ್ಕಳಾಗಿರುತ್ತವೆ.

ಹೊಗಳುವ ಮಾತು ಬಾರದಿದ್ದರೆ ಪ್ರಶ್ನೆ ಕೇಳಿ. ‘ಈ ಲೆಕ್ಕ ಇಷ್ಟು ಬೇಗ ಹೇಗೆ ತಾಳೆ ಹಾಕಿದಿರಿ? ನನಗೂ ಸ್ವಲ್ಪ ತೋರಿಸಿ’ ಎಂದು ಕುರ್ಚಿ ಎಳೆದುಕೊಂಡು ಕುಳಿತರೆ, ಒಂದೂ ವಿಶೇಷಣ ಬಳಸದೆ ಮೆಚ್ಚಿದಂತಾಯಿತು. ಬರೆಯಲು ಬರುವವರು ಬರೆದು ಕೊಡಿ. ಎರಡು ಸಾಲಿನ ಚೀಟಿ ಸಾಕು. ಕಚೇರಿಯ ಲೆಟರ್‌ಹೆಡ್, ಮೊಹರು ಯಾವುದೂ ಬೇಡ.

ಮೆಚ್ಚುವಂಥದ್ದು ಏನೂ ಕಾಣದಿದ್ದರೆ?

ಮೆಚ್ಚಬೇಡಿ. ಹತ್ತಿರ ಹೋಗಿ ಅರ್ಧ ದಿನ ಅವರ ಪಕ್ಕದಲ್ಲಿ ಕುಳಿತು ನೋಡಿ. ಆಮೇಲೂ ಕಾಣದಿದ್ದರೆ ಅವರನ್ನು ತಪ್ಪು ಕೆಲಸಕ್ಕೆ ಹಾಕಿದ್ದೀರಿ ಎಂದೂ ಇರಬಹುದು.

ನಮ್ಮಲ್ಲಿ ಒಬ್ಬರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ನಾನು ಮಾತನಾಡಬೇಕು. ಏನು ಹೇಳಲಿ?

ಈ ಪ್ರಶ್ನೆ ಪ್ರತಿ ತರಬೇತಿಯಲ್ಲೂ ಬರುತ್ತದೆ, ಅದೂ ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ. ಮೂವತ್ತು ವರ್ಷ ಬಾಯಿ ಬಿಡದವರೆಲ್ಲ ಆ ದಿನ ಮೈಸೂರು ಪೇಟ, ಶಾಲು, ಫಲತಾಂಬೂಲದ ಜೊತೆ ‘ಸರಳ, ಸಜ್ಜನ, ಅಜಾತಶತ್ರು’ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಕುಳಿತವರ ಕಣ್ಣು ಊಟದ ತಯಾರಿಯ ಕಡೆಗಿರುತ್ತದೆ, ನಿವೃತ್ತರಾಗುವವರ ಕಣ್ಣು ನೆಲದ ಕಡೆಗೆ.

ನಿಮಗೆ ಇನ್ನೂ ಒಂದು ತಿಂಗಳಿದೆಯಲ್ಲ. ಅವರ ಹಳೆಯ ಕಡತಗಳಲ್ಲಿ ಎರಡನ್ನು ತರಿಸಿ ಓದಿ. ಅವರು ಬರೆದ ಟಿಪ್ಪಣಿ ನೋಡಿ, ಯಾವ ಅರ್ಜಿಯನ್ನು ಯಾವ ನಿಯಮದ ಆಧಾರದ ಮೇಲೆ ಉಳಿಸಿದರು, ಯಾರ ಪಿಂಚಣಿ ಅವರಿಂದಾಗಿ ಬೇಗ ಬಂತು ಎಂದು ಅವರ ಜೊತೆ ಕೆಲಸ ಮಾಡಿದ ಜವಾನರನ್ನೋ ಕಿರಿಯ ಸಹಾಯಕರನ್ನೋ ಕೇಳಿ. ಸಿಕ್ಕಿದ್ದನ್ನು ಭಾಷಣಕ್ಕೆಂದು ಬಚ್ಚಿಡಬೇಡಿ. ನಾಳೆ ಬೆಳಿಗ್ಗೆಯೇ ಅವರ ಮೇಜಿನ ಬಳಿ ಹೋಗಿ ಹೇಳಿ. ಅವರಿಗೂ ಹೇಳುವುದಿರುತ್ತದೆ, ಆ ಕಡತದಲ್ಲಿ ಬರೆಯದೆ ಬಿಟ್ಟದ್ದೇನು, ಮುಂದೆ ಆ ಮೇಜಿಗೆ ಬರುವವರು ಎಲ್ಲಿ ಎಡವಬಹುದು ಎಂಬುದೆಲ್ಲ ಅವರ ತಲೆಯಲ್ಲಿದೆ. ಬರೆದುಕೊಳ್ಳಲು ಒಂದು ನೋಟ್‌ಪುಸ್ತಕ ತೆಗೆದುಕೊಂಡು ಹೋಗಿ.